ನಾಕಾದಲ್ಲಿ ಹೇಳಿದ ಹೆಸರು

ಆ ವರ್ಷ ಊರಿನಲ್ಲಿ ಎಷ್ಟೋ ಜನ ನನ್ನ ಸೂಜಿಗೆ ಹೆದರಿ ಓಡಿದರು. ಕಬ್ಬಿನೊಳಗೆ ಹೊಕ್ಕು ಕೂತವರಿದ್ದರು. ಎಮ್ಮೆ ಈಯುವುದಿದೆ, ಈದ ಮೇಲೆ ಬರುತ್ತೇನೆ ಎಂದು ಎರಡು ತಿಂಗಳು ನನ್ನನ್ನು ಕುಣಿಸಿದವಳೊಬ್ಬಳಿದ್ದಳು. ಅವರ ಮೇಲೆಲ್ಲ ನನಗೆ ಸಿಟ್ಟು ಬರುತ್ತಿತ್ತು. ನನ್ನ ಸಿಟ್ಟು ಯಾವಾಗಲೂ ಮೂಗಿನ ತುದಿಯಲ್ಲೇ ಇರುವಂಥದ್ದು, ಬಂದಷ್ಟೇ ಬೇಗ ಹೋಗುವಂಥದ್ದು. ಆದರೆ ಒಬ್ಬಾಕೆ ಒಲ್ಲೆ ಎಂದಾಗ ಮಾತ್ರ ಸಿಟ್ಟಿನ ಹಿಂದೆಯೇ ಹೆದರಿಕೆಯೂ ಬರುತ್ತಿತ್ತು. ಆಕೆ ನಾನು ಬಾಡಿಗೆಗಿದ್ದ ಮನೆಯ ಹಿರಿಯಳು. ಕೊರೊನಾದ ಎರಡನೇ ಅಲೆಯಲ್ಲಿ ನೋಡಬಾರದ್ದನ್ನೆಲ್ಲ ನೋಡಿದ್ದೆ. ಇನ್ನೊಂದು ಅಲೆ ಬರುವುದರೊಳಗೆ ಆಕೆಗೆ ಲಸಿಕೆ ಹಾಕಿಯೇ ತೀರಬೇಕೆಂದು ನಾನು ಹಟ ಹಿಡಿದಿದ್ದೆ.

ನಾನು ಅಥಣಿ ಕಡೆಯವಳು. ನರ್ಸ್ ಕೆಲಸದ ಮೇಲೆ ಕಾಗವಾಡ ತಾಲೂಕಿನ ಈ ಹಳ್ಳಿಯ ಉಪಕೇಂದ್ರಕ್ಕೆ ಬಂದು ಆಗಲೇ ಆರು ವರ್ಷವಾಗಿತ್ತು. ಶೇಡಬಾಳದಿಂದ ಸ್ಕೂಟಿಯ ಮೇಲೆ ಬಂದರೆ ದ್ರಾಕ್ಷಿ ತೋಟಗಳ ನಡುವೆ ಎಡಕ್ಕೆ ತಿರುಗುವ ದಾರಿ. ಉಪಕೇಂದ್ರದ ಕಟ್ಟಡ ಸೋರುತ್ತಿತ್ತು, ಹಾಗಾಗಿ ಒಂದು ಜೈನರ ಮನೆಯ ಮುಂದಿನ ಖೋಲಿಯನ್ನು ಬಾಡಿಗೆಗೆ ಹಿಡಿದೆ. ಮನೆಯಲ್ಲಿ ಮಗ, ಸೊಸೆ, ಇಬ್ಬರು ಮೊಮ್ಮಕ್ಕಳು. ಅವರೆಲ್ಲರ ಮೇಲೆ ಈ ಎಪ್ಪತ್ತು ದಾಟಿದ ಆಯಿ. ಊರವರೆಲ್ಲ ಆಕೆಯನ್ನು ಆಯಿ ಎಂದೇ ಕರೆಯುತ್ತಿದ್ದರು, ನಾನೂ ಹಾಗೇ ಕರೆದೆ.

ಆಯಿ ಹೊತ್ತು ಮುಳುಗಿದ ಮೇಲೆ ಒಂದು ತುತ್ತೂ ಮುಟ್ಟುವವಳಲ್ಲ. ನಾನು ಮನೆ ಮುಟ್ಟುವುದೇ ದೀಪ ಹಚ್ಚಿದ ಮೇಲೆ. ನನ್ನ ಪಾಲಿನ ರೊಟ್ಟಿ ಪಲ್ಯವನ್ನು ಮುಚ್ಚಿಟ್ಟು, ತಾನು ಉಣ್ಣದಿದ್ದರೂ ನಾನು ಉಂಡು ಮುಗಿಸುವವರೆಗೆ ಎದುರಿಗೆ ಕೂತಿರುತ್ತಿದ್ದಳು. ಆ ಮನೆಯಲ್ಲಿ ಉಳ್ಳಾಗಡ್ಡಿ ಇಲ್ಲ. ನನಗೋ ಉಳ್ಳಾಗಡ್ಡಿ ಇಲ್ಲದೆ ರೊಟ್ಟಿ ಇಳಿಯುವುದಿಲ್ಲ. ಎಂದಾದರೂ ಆಶಾ ಕಾರ್ಯಕರ್ತೆಯ ಮನೆಯಲ್ಲಿ ಉಂಡು ಬಂದರೆ ಬಾಗಿಲಲ್ಲೇ ಸಿಕ್ಕಿಬೀಳುತ್ತಿದ್ದೆ.

"ಆಶಾನ ಮನ್ಯಾಗ ಉಂಡ ಬಂದಿ ಹೌದಲ್ಲೊ? ಬಾಯಿ ತೊಳಕೊಂಡ ಬಾ, ಆಮ್ಯಾಲ ಸುಳ್ಳ ಹೇಳಂತಿ."

ಆಕೆ ಬೈದದ್ದು ನನ್ನ ಅವ್ವ ಬೈದದ್ದಕ್ಕಿಂತ ಹೆಚ್ಚು. ಎರಡನೇ ಅಲೆಯ ಹೊತ್ತಿಗೆ ನಾನು ದಿನಕ್ಕೆ ಎರಡು ಬಾರಿ ಸ್ನಾನ ಮಾಡಿ ಖೋಲಿಯಲ್ಲೇ ಇರುತ್ತಿದ್ದೆ. ಯಾರನ್ನೂ ಹತ್ತಿರ ಬಿಟ್ಟುಕೊಳ್ಳುತ್ತಿರಲಿಲ್ಲ. ಆಯಿ ಹೊಸ್ತಿಲಿನ ಮೇಲೆ ತಾಟು ಇಟ್ಟು ಹಿಂದೆ ಸರಿದು, "ಉಣ್ಣ, ನಾ ಹೊಳ್ಳಿ ನೋಡಾಂಗಿಲ್ಲ" ಎನ್ನುತ್ತಿದ್ದಳು. ಎರಡು ಹೆಜ್ಜೆ ಹೋಗಿ ಹೊಳ್ಳಿ ನೋಡುತ್ತಿದ್ದಳು.

ಇಂಥ ಆಯಿ ಸೂಜಿ ಬೇಡ ಎಂದಳು. ಯಾಕೆ ಎಂದು ಹೇಳಲಿಲ್ಲ. ಜ್ವರ ಬರುತ್ತದೆಂದೋ ಸಾಯುತ್ತೇನೆಂದೋ ಹೇಳಿದ್ದರೆ ನನ್ನ ಬಳಿ ಉತ್ತರಗಳು ಸಾಲಾಗಿ ಸಿದ್ಧವಿದ್ದವು. ಆಕೆ ಅಷ್ಟೇ ತಣ್ಣಗೆ, "ನನ್ನ ಪಾಲಿಂದು ಬ್ಯಾರೆಯವರಿಗಿ ಹಾಕು" ಎಂದು ಎದ್ದು ಹೋಗುತ್ತಿದ್ದಳು. ಮಗ ಹೇಳಿದ, ಸೊಸೆ ಹೇಳಿದಳು. ಮೊಮ್ಮಗಳು ಸತ್ಯಾಗ್ರಹ ಹೂಡಿ ಒಂದು ಹೊತ್ತು ಹಾಲು ಬಿಟ್ಟಳು. ಏನೂ ಆಗಲಿಲ್ಲ.

ಇದರಿಂದ ನನಗೆ ಊರಿನಲ್ಲೂ ತೊಂದರೆ. ಲಸಿಕೆಯ ಒಂದು ಸೀಸೆಯಲ್ಲಿ ಹತ್ತು ಜನರಿಗಾಗುವಷ್ಟು ಇರುತ್ತಿತ್ತು. ಒಮ್ಮೆ ತೆರೆದರೆ ನಾಲ್ಕು ತಾಸಿನೊಳಗೆ ಮುಗಿಯಬೇಕು, ಇಲ್ಲವಾದರೆ ಚೆಲ್ಲಬೇಕು. ಹಾಗಾಗಿ ಒಂಬತ್ತು ಜನ ಶಾಲೆಯ ಪಡಸಾಲೆಯಲ್ಲಿ ತೋಳೇರಿಸಿ ಕೂತಿದ್ದರೆ ನಾನು ಹತ್ತನೆಯವರಿಗಾಗಿ ಓಣಿ ಓಣಿ ಅಲೆಯುತ್ತಿದ್ದೆ. ಕಟ್ಟೆಯ ಮೇಲೆ ಕೂತ ಹಿರಿಯರು ನಗುತ್ತಿದ್ದರು.

"ಸಿಸ್ಟರ್, ಮದ್ಲ ನಿಮ್ಮ ಮನೀ ಆಯಿಗಿ ಹಾಕ್ರಿ. ಹತ್ತ ಆಗ್ತೈತಿ. ದೀಪದ ಬುಡಕ ಕತ್ತಲಿ ಇಟಗೊಂಡ ನಮಗ ಬ್ಯಾಟರಿ ಹಿಡೀತೀರೇನ್ರಿ?"

ನಾನು ಬಾಯಿಗೆ ಬಂದದ್ದು ಅಂದು, ಯಾರನ್ನೋ ಒಬ್ಬರನ್ನು ಕೈಹಿಡಿದು ಎಳೆದುಕೊಂಡು ಬರುತ್ತಿದ್ದೆ. ಅವರ ಮಾತು ಮಾತ್ರ ಸುಳ್ಳಾಗಿರಲಿಲ್ಲ.

ಹೀಗಿರುವಾಗ ಆಷಾಢದಲ್ಲಿ ತಾಲೂಕು ಕಚೇರಿಯಿಂದ ಫೋನಿಗೆ ಒಂದು ಪಟ್ಟಿ ಬಂತು. ಪರೀಕ್ಷೆಗೆಂದು ತೆಗೆದ ಗಂಟಲು ದ್ರವದಲ್ಲಿ ಸೋಂಕು ಕಂಡರೆ, ಅಂಥ ಕೆಲವು ಮಾದರಿಗಳನ್ನು ಬೆಂಗಳೂರಿಗೆ ಕಳಿಸಿ ವೈರಾಣು ಯಾವ ರೂಪಕ್ಕೆ ತಿರುಗಿದೆ ಎಂದು ನೋಡುತ್ತಿದ್ದರು. ಗಡಿಯ ಊರುಗಳಲ್ಲವೇ ನಮ್ಮವು, ಮಹಾರಾಷ್ಟ್ರದಿಂದ ಬಂದವರ ಮಾದರಿಗಳನ್ನೂ ಅದರಲ್ಲಿ ಸೇರಿಸಿದ್ದರು. ಯುಗಾದಿಯ ಹೊತ್ತಿಗೆ ತೆಗೆದದ್ದರ ಫಲ ಆಷಾಢಕ್ಕೆ ಬಂದಿತ್ತು. ಊರು ಸೂರೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದ ಹಾಗೆ. ಪಟ್ಟಿಯಲ್ಲಿ ನಮ್ಮೂರಿನದು ಒಂದೇ ಹೆಸರು. ಹೆಂಗಸು, ಎಪ್ಪತ್ತೆರಡು ವರ್ಷ, ಗಡಿಯ ನಾಕಾದಲ್ಲಿ, ಅಂದರೆ ತಪಾಸಣೆಯ ಚೌಕಿಯಲ್ಲಿ ತೆಗೆದ ಮಾದರಿ, ರೂಪ ಡೆಲ್ಟಾ. ಈಕೆ ಹೇಗಿದ್ದಾಳೆ, ಮನೆಯಲ್ಲಿ ಯಾರಿಗೆ ಬಂದಿತ್ತು, ಲಸಿಕೆ ಆಗಿದೆಯೇ, ಮೂರು ದಿನದೊಳಗೆ ತಿಳಿಸಿ ಎಂದು ವೈದ್ಯಾಧಿಕಾರಿಗಳು ಫೋನಿನಲ್ಲಿ ಹೇಳಿದರು.

"ಬದುಕಿದ್ದಾರೋ ಇಲ್ಲವೋ, ಅದನ್ನ ಮೊದಲು ನೋಡಮ್ಮ" ಎಂದರು. ಅವರು ಬೆಂಗಳೂರು ಕಡೆಯವರು, ಒಳ್ಳೆಯವರು.

ಆ ಹೆಸರನ್ನು ನಾನು ಇಲ್ಲಿ ಬರೆಯುವುದಿಲ್ಲ. ಅದನ್ನು ನನ್ನ ನೋಟುಬುಕ್ಕಿನಲ್ಲಿ ಬರೆದುಕೊಂಡು ಆಶಾಳ ಜೊತೆ ಹೊರಟೆ. ಆಶಾ ಎಂದರೆ ನಮ್ಮೂರಿನ ನಡೆದಾಡುವ ದಫ್ತರು. ಅಲಖನೂರಿನಿಂದ ಸೊಸೆಯಾಗಿ ಬಂದವಳು, ಯಾರ ಮನೆಯಲ್ಲಿ ಎಷ್ಟು ಜನ, ಯಾರಿಗೆ ಎಷ್ಟನೇ ತಿಂಗಳು, ಎಲ್ಲ ಆಕೆಯ ನಾಲಿಗೆಯ ಮೇಲೆ. ಹೆಸರು ಕೇಳಿ ಆಕೆಯೂ ತಲೆ ಕೆರೆದುಕೊಂಡಳು.

"ಇಂಥಾ ಹೆಸರಿನಾಕಿ ಊರಾಗ ಇಲ್ರಿ ಸಿಸ್ಟರ್. ಶೇಡಬಾಳದಾಕಿ ಇರಬೇಕು, ನಾಕಾದಾಗ ತಪ್ಪ ಬರದಾರ."

ರೇಷನ್ ಅಂಗಡಿಯಲ್ಲಿ ಕೇಳಿದೆವು. ಮತದಾರರ ಯಾದಿ ನೋಡಿದೆವು. ಎರಡು ದಿನ ಮಳೆಯಲ್ಲಿ ತೊಯ್ದು ಪ್ರತಿ ಓಣಿಯ ಮುದುಕಿಯರನ್ನು ಲೆಕ್ಕ ಹಿಡಿದೆವು. ಯಾರೂ ಇಲ್ಲ. ಪಟ್ಟಿಯಲ್ಲಿದ್ದ ಫೋನ್ ನಂಬರಿಗೆ ಹಚ್ಚಿದರೆ ಒಬ್ಬ ಹೆಂಗಸು ಎತ್ತಿದಳು. ನಾನು ಹೆಸರು ಹೇಳಿದ್ದೇ ತಡ, "ಇಥೆ ಅಶೀ ಕೋಣೀ ನಾಹೀ" ಎಂದಳು. ಇಲ್ಲಿ ಅಂಥವರು ಯಾರೂ ಇಲ್ಲ ಎಂದು. ಮತ್ತೆ ಹಚ್ಚಿದೆ, ಫೋನ್ ಬಂದಾಗಿತ್ತು.

ಮೂರನೆಯ ದಿನ ಸಂಜೆ ಬೇಗ ಮನೆಗೆ ಬಂದೆ. ಹೊತ್ತು ಇನ್ನೂ ಇತ್ತು. ಆಯಿ ಊಟ ಮುಗಿಸಿ ಪಡಸಾಲೆಯಲ್ಲಿ ಶೇಂಗಾ ಬಿಡಿಸುತ್ತ ಕೂತಿದ್ದಳು. ಮಗ ಸೊಸೆ ತೋಟದಲ್ಲಿದ್ದರು. ನಾನು ತೊಯ್ದ ಚಪ್ಪಲಿ ಕಳಚುತ್ತ, ಬೆಂಗಳೂರಿನವರನ್ನೂ ಪಟ್ಟಿ ಕಳಿಸಿದವರನ್ನೂ ನಾಕಾದವರನ್ನೂ ಆ ಮುದುಕಿಯನ್ನೂ ಒಟ್ಟಿಗೆ ಬೈಯತೊಡಗಿದೆ. "ಎಲ್ಲಿ ಹೋಗಿ ಕುಂತಾಳ್ರಿ ಆಯಿ ಈಕಿ? ಬಾವ್ಯಾಗ ಹುಡುಕ್ಲೇನು?" ಎಂದು ಆ ಹೆಸರನ್ನು ಹೇಳಿದೆ.

ಆಯಿಯ ಕೈ ನಿಂತಿತು.

"ಏನಂದಿ?"

"ಹೆಸರ್ರಿ. ಬುಕ್ಕನ್ಯಾಗ ಬರಕೊಂಡೀನಿ."

"ಓದು."

ಓದಿದೆ.

"ಇನ್ನೊಮ್ಮೆ ಓದು, ತಂಗಿ."

ಓದಿದೆ. ಆಯಿ ಕಣ್ಣು ಮುಚ್ಚಿಕೊಂಡಿದ್ದಳು. ಮೂರನೇ ಸಲ ಓದೆಂದು ಕೈಸನ್ನೆ ಮಾಡಿದಳು. ಓದಿದೆ. ಆಮೇಲೆ ತೊಡೆಯ ಮೇಲಿನ ಸಿಪ್ಪೆ ಕೊಡವಿ, "ಅದು ನಾನ" ಎಂದಳು.

ಕಂಕುಳಲ್ಲಿ ಕೂಸಿಟ್ಟುಕೊಂಡು ಊರೆಲ್ಲ ಹುಡುಕಿದರು ಎನ್ನುವುದು ನನ್ನಂಥವಳನ್ನು ನೋಡಿಯೇ ಹುಟ್ಟಿದ ಗಾದೆ ಇರಬೇಕು. ನಮ್ಮ ಭಾಗದಲ್ಲಿ ಹಳೆಯ ಕಾಲದ ಮದುವೆಗಳಲ್ಲಿ ಹೆಣ್ಣಿನ ಹೆಸರು ಬದಲಿಸುತ್ತಿದ್ದರು. ತಟ್ಟೆಯಲ್ಲಿ ಅಕ್ಕಿ ಹರಡಿ, ಗಂಡ ಉಂಗುರದಿಂದ ಅದರ ಮೇಲೆ ಹೊಸ ಹೆಸರು ಬರೆಯುವುದು. ಅಂದಿನಿಂದ ಆಕೆ ಆ ಹೆಸರಿನವಳೇ. ರೇಷನ್ ಕಾರ್ಡು, ಆಧಾರ್, ಊರಿನ ನಾಲಿಗೆ, ಎಲ್ಲಕ್ಕೂ ಅದೊಂದೇ. ಇದೆಲ್ಲ ನನಗೂ ಗೊತ್ತಿತ್ತು, ಆಶಾಳಿಗೂ ಗೊತ್ತಿತ್ತು. ಆಶಾಳ ತವರಿನ ಹೆಸರನ್ನೂ ಹಾಗೇ ಬದಲಿಸಿದ್ದರು. ಆದರೂ ಎರಡು ದಿನ ನಾವಿಬ್ಬರೂ ಒಬ್ಬ ಮುದುಕಿಗಾದರೂ ನಿನ್ನ ತವರಿನ ಹೆಸರೇನು ಎಂದು ಕೇಳಲಿಲ್ಲ. ಆಯಿಯ ಮಗನಿಗೇ ಅದು ತಿಳಿದಿರಲಿಲ್ಲ.

ಆಯಿ ಹೇಳಿದಳು. ಆ ಹೆಸರಿನಿಂದ ತನ್ನನ್ನು ಕರೆಯುವವರು ಒಬ್ಬರೇ ಉಳಿದಿದ್ದರು, ಮಿರಜದ ಆಚೆಯ ಹಳ್ಳಿಗೆ ಕೊಟ್ಟಿದ್ದ ಅಕ್ಕ. ಯುಗಾದಿಯ ಮಾರನೆಯ ದಿನ ಅಕ್ಕನನ್ನು ನೋಡಲು ಹೋಗಿ ಎಂಟು ದಿನ ಇದ್ದಳು. ಎಂಟು ದಿನವೂ ಆ ಮನೆಯಲ್ಲಿ ಬೆಳಗಿನಿಂದ ಸಂಜೆಯವರೆಗೆ ಆ ಹೆಸರೇ. ತಿರುಗಿ ಬರುವಾಗ ಅಕ್ಕನ ಮೊಮ್ಮಗ ಬೈಕಿನಲ್ಲಿ ಗಡಿಯವರೆಗೆ ತಂದು ಬಿಟ್ಟ. ನಾಕಾದಲ್ಲಿ ಗಂಟಲಿಗೆ ಕಡ್ಡಿ ಹಾಕುವ ಮೊದಲು ಹೆಸರು ಕೇಳಿದರು.

"ಬಾಯಿಗೆ ಅದ ಬಂತು. ಅಕ್ಕನ ಮನಿಯಿಂದ ಬರಾಕತ್ತಿದ್ನೆಲ್ಲ. ಫೋನ್ ನಂಬರ ಕೇಳಿದ್ರು. ನನಗ ಬಾಯಿಪಾಠ ಇರೂದು ಅಕ್ಕನ ಮನೀದೊಂದ."

ಅದಾಗಿ ನಾಲ್ಕನೇ ದಿನ ಅಕ್ಕ ಮಿರಜದ ಆಸ್ಪತ್ರೆಯಲ್ಲಿ ತೀರಿಕೊಂಡ ಸುದ್ದಿ ಬಂತು. ಅದನ್ನು ನಾನು ಬಲ್ಲೆ. ಗಡಿ ಬಂದಾಗಿತ್ತು, ಹೆಣವನ್ನೂ ಮನೆಗೆ ಕೊಡಲಿಲ್ಲ. ಆಯಿ ಆಗ ಹಿತ್ತಲ ಖೋಲಿಯಲ್ಲಿ ಸೂತಕವೆಂದು ಬೇರೆ ಕೂತಳು. ತನ್ನ ತಾಟು, ತನ್ನ ತಂಬಿಗೆ, ತನ್ನ ಚಾಪೆ. ಮದುವೆಯಾಗಿ ಬೇರೆ ಮನೆಗೆ ಹೋದ ಅಕ್ಕನಿಗೆ ಮೂರು ದಿನದ ಸೂತಕ ಸಾಕು. ಆಯಿ ಹದಿನೈದು ದಿನ ಕೂತಿದ್ದಳು. ದುಃಖ ಹೆಚ್ಚಾಗಿದೆ ಎಂದು ಮನೆಯವರು ಸುಮ್ಮನಾದರು. ನಾನು ಆಗ ಬೆಳಗಿಗೆ ಹೋಗಿ ಕತ್ತಲೆಗೆ ಬರುತ್ತಿದ್ದವಳು, ಅವರಂತೆಯೇ ತಿಳಿದೆ.

"ಜ್ವರ ಬಂದಿತ್ತೇನ್ರಿ ಆಯಿ?"

"ಬಂದಿತ್ತು. ಮೂಗಿಗೆ ವಾಸನಿ ಇರ್ಲಿಲ್ಲ. ನಿನಗ ಹೇಳಿದ್ರ ನೀ ಗಾಡಿ ತರಸ್ತಿದ್ದಿ, ಮನೀ ಮುಂದ ಹಗ್ಗ ಕಟ್ಟತಿದ್ದಿ. ಸಣ್ಣ ಹುಡುಗ್ರು ಹೆದರ್ತಿದ್ವು. ಸೂತಕ ಅಂದ್ರ ಯಾರೂ ಹತ್ರ ಬರಾಂಗಿಲ್ಲ, ಯಾರೂ ಕೇಳಾಂಗೂ ಇಲ್ಲ."

ನನಗೆ ಎಂಥ ಸಿಟ್ಟು ಬಂತೆಂದರೆ ಕೈಯಲ್ಲಿದ್ದ ಪುಸ್ತಕವನ್ನು ನೆಲಕ್ಕೆ ಒಗೆದೆ. ಇಪ್ಪತ್ತು ಹೆಜ್ಜೆ ದೂರದಲ್ಲಿ ನಾನಿದ್ದೆ, ನನ್ನ ಚೀಲದಲ್ಲಿ ಮಾತ್ರೆಗಳಿದ್ದವು, ಉಸಿರು ನೋಡುವ ಯಂತ್ರವಿತ್ತು. ಇವಳು ಒಬ್ಬಳೇ ಕತ್ತಲ ಖೋಲಿಯಲ್ಲಿ ಬೇನೆ ತಿಂದು, ಮನೆಯಲ್ಲಿ ಒಂದು ಮಗುವಿಗೂ ತಾಗದ ಹಾಗೆ ನೋಡಿಕೊಂಡಿದ್ದಳು. ಬೈಯಬೇಕೆಂದು ಬಾಯಿ ತೆರೆದರೆ ಅಳು ಬಂತು.

ಆಯಿ ಅದನ್ನೆಲ್ಲ ಗಮನಿಸಲೇ ಇಲ್ಲ. ಪುಸ್ತಕ ಎತ್ತಿ, ಸೆರಗಿನಿಂದ ಒರೆಸಿ ನನ್ನ ಮುಂದೆ ಹಿಡಿದಳು.

"ತಂಗಿ, ಈ ಕಾಗದ ಬೆಂಗಳೂರಿಂದ ಬಂದೈತಿ ಅಂದ್ಯಲ್ಲ. ಯಾರಿಂದ ಯಾರಿಗೆ ಹೋತು ಅಂತ ಇದರಾಗ ಬರದಾರೇನು?"

ಆಗ ತಿಳಿಯಿತು ನನಗೆ. ಉಳಿದದ್ದನ್ನು ಆಕೆಯೇ ಬಿಡಿಸಿ ಹೇಳಿದಳು. ಅಕ್ಕನ ಮನೆಗೆ ಹೋಗುವ ಮೊದಲು ಆಯಿ ವರ್ಷದ ಖಾರ ಕುಟ್ಟಿಸಿದ್ದಳು. ಅಕ್ಕನಿಗೂ ಒಂದು ಡಬ್ಬಿ ಒಯ್ದಿದ್ದಳು. ಅದರ ಘಾಟಿಗೆ ಬಂದ ಕೆಮ್ಮು ಎಂದುಕೊಂಡು ಕೆಮ್ಮುತ್ತಲೇ ಹೋಗಿದ್ದಳು. ಅದು ಘಾಟಿನ ಕೆಮ್ಮಲ್ಲ, ಅದೇ ಬೇನೆ, ತಾನೇ ಅದನ್ನು ಒಯ್ದು ಅಕ್ಕನ ಮಗ್ಗುಲಲ್ಲಿ ಎಂಟು ದಿನ ಮಲಗಿ ಬಂದೆ ಎಂದು ಆಕೆ ಲೆಕ್ಕ ಹಾಕಿಬಿಟ್ಟಿದ್ದಳು. ಅಕ್ಕ ಸತ್ತ ಮೇಲೆ ಆ ಮನೆಯಿಂದ ಒಂದು ಫೋನೂ ಬಂದಿರಲಿಲ್ಲ.

"ಅವರಿಗೂ ಗೊತ್ತೈತಿ. ಅದಕ್ಕ ಮಾತ ಬಿಟ್ಟಾರ. ಅಕ್ಕನ್ನ ಕೊಂದಾಕಿಗಿ ಸೂಜಿ ಯಾಕ ಹಾಕ್ತಿ?"

ಈ ಮಾತಿಗೆ ನನ್ನ ಸಾಲಾಗಿದ್ದ ಉತ್ತರಗಳಲ್ಲಿ ಒಂದೂ ಹೊಂದಲಿಲ್ಲ. ನಾನು ನಿಜವನ್ನೇ ಹೇಳಿದೆ. ಆ ಕಾಗದ ಬೇನೆಯ ಜಾತಿಯನ್ನು ಹೇಳುತ್ತದೆ, ಅಷ್ಟೇ. ಮೊದಲಿದ್ದ ವೈರಾಣು ಬೇರೆ, ಆಮೇಲೆ ಬಂದದ್ದು ಬೇರೆ. ಎಲ್ಲೆಲ್ಲಿ ಯಾವುದು ಹಬ್ಬಿದೆ ಎಂದು ತಿಳಿಯಲು ಹೀಗೆ ನೋಡುತ್ತಾರೆ. ದ್ರಾಕ್ಷಿ ಬೆಳೆಯುವ ಮನೆಯವಳು, ತಳಿಗಳನ್ನು ಬಲ್ಲವಳು, ಆಕೆಗೆ ಅದು ಕೂಡಲೇ ಅರ್ಥವಾಯಿತು.

"ಹಂಗಾರ ಎಲಿ ನೋಡಿ ಸೋನಾಕಾನೋ ಥಾಮ್ಸನ್ನೋ ಹೇಳ್ತಾರ. ಕಡ್ಡಿ ಯಾರ ತ್ವಾಟದಿಂದ ಬಂತು ಅದು ತಿಳ್ಯಾಂಗಿಲ್ಲ."

"ಹೌದ್ರಿ ಆಯಿ."

"ತಿಳ್ಯಾಂಗಿಲ್ಲ" ಎಂದು ಇನ್ನೊಮ್ಮೆ ತನಗೇ ಹೇಳಿಕೊಂಡು ಶೇಂಗಾದ ಬುಟ್ಟಿ ಎತ್ತಿಕೊಂಡು ಒಳಗೆ ಹೋದಳು.

ಮರುದಿನ ನಾನೊಂದು ಕೆಟ್ಟ ಕೆಲಸ ಮಾಡಿದೆ. ಸುಳ್ಳು ಹೇಳಿದೆ. ಬೆಂಗಳೂರಿನ ಪ್ರಯೋಗಾಲಯಕ್ಕೆ ಫೋನ್ ಮಾಡಿ ವಿಚಾರಿಸಿದೆನೆಂದೂ, ಅವರ ಅಭಿಪ್ರಾಯದಂತೆ ಸೋಂಕು ತಮ್ಮಿಂದ ಹರಡಿರುವ ಸಾಧ್ಯತೆ ಇಲ್ಲವೆಂದೂ ಆಯಿಯ ಮುಂದೆ ನಿಂತು ಒಪ್ಪಿಸಿದೆ. ಆಯಿ ಪೂರ್ತಿ ಕೇಳಿಸಿಕೊಂಡಳು.

"ನೀ ಸುಳ್ಳ ಹೇಳುವಾಗ ಕನ್ನಡ ಭಾಳ ಚಂದ ಮಾತಾಡ್ತಿ" ಎಂದಳು.

ನನ್ನ ಮುಖ ಕೆಂಪಾಯಿತು. ಆಕೆ ನಕ್ಕಳು, ತಲೆ ಸವರಿದಳು. ನನಗೆ ಸಮಾಧಾನ ಹೇಳುವ ಕೆಲಸವೂ ಆಕೆಗೇ ಬಿತ್ತು.

ಭಾನುವಾರ ಯಾರಿಗೂ ಹೇಳದೆ ಸ್ಕೂಟಿ ತೆಗೆದುಕೊಂಡು ಗಡಿ ದಾಟಿದೆ. ನನ್ನ ಎರಡೂ ಡೋಸಿನ ಸರ್ಟಿಫಿಕೇಟು ತೋರಿಸಿದರೆ ಬಿಡುತ್ತಿದ್ದರು. ಅಕ್ಕನ ಊರಿನ ಹೆಸರು ಆಯಿಯ ಸೊಸೆಯಿಂದ ತಿಳಿದಿತ್ತು. ಮನೆ ಹುಡುಕಿ ಬಾಗಿಲು ಬಡಿದಾಗ ತೆರೆದವಳು ಅಕ್ಕನ ಸೊಸೆ, ಐವತ್ತರ ಆಸುಪಾಸಿನವಳು. ನಾನು ಕಾಗವಾಡ ಕಡೆಯ ನರ್ಸ್ ಎಂದೊಡನೆ ಆ ದನಿಯ ಗುರುತು ನನಗೂ ಹತ್ತಿತು, ನನ್ನ ದನಿಯ ಗುರುತು ಆಕೆಗೂ ಹತ್ತಿತು. ಬಾಗಿಲು ಮುಚ್ಚಲು ಹೋದಳು. ನಾನು ಕಾಲು ಅಡ್ಡ ಇಟ್ಟೆ. ನರ್ಸುಗಳು ಕಲಿತಿರುವ ವಿದ್ಯೆಗಳಲ್ಲಿ ಇದೂ ಒಂದು.

"ನಾ ಯಾರನ್ನೂ ಹಿಡಕೊಂಡ ಹೋಗಾಕ ಬಂದಿಲ್ರಿ ಅಕ್ಕಾ. ಆಯಿ ಸಲವಾಗಿ ಬಂದೀನಿ."

ಆಯಿ ಎಂದಕೂಡಲೇ ಆಕೆ ಹೊಸ್ತಿಲಲ್ಲೇ ಕುಸಿದು ಕೂತಳು. ಕನ್ನಡ ಮರಾಠಿ ಎರಡನ್ನೂ ಕಲಸಿ ಮಾತಾಡಿದಳು, ಆಯಿಯನ್ನು ಮಾವಶಿ, ಅಂದರೆ ಚಿಕ್ಕಮ್ಮ, ಎಂದಳು. "ಮಾವಶಿ ಕಶಾ ಆಹೇತ? ಆರಾಮ ಅದಾರಲ್ರಿ? ಸಿಟ್ಟಾಗ್ಯಾರಲ್ರಿ ನಮ್ಮ ಮ್ಯಾಲ?"

ಸಿಟ್ಟು ಯಾಕೆ ಎಂದರೆ ಆಕೆ ಹೇಳಿದ್ದು ಇದು. ಯುಗಾದಿಯ ದಿನ ಆಕೆಯ ಅತ್ತೆ, ಅಂದರೆ ಆಯಿಯ ಅಕ್ಕ, ಹೋಳಿಗೆಯ ಜೊತೆಗೆ ಆಮಟಿ, ಅಂದರೆ ಬೇಳೆಯ ಕಟ್ಟಿನ ಸಾರು ಮಾಡಿದರು. ಅವರ ಕೈಯ ಆಮಟಿ ಎಂದರೆ ಓಣಿಯವರೆಲ್ಲ ಬಟ್ಟಲು ಹಿಡಿದು ಬರುವಂಥದ್ದು. ಅಂದು ರುಚಿ ನೋಡಿ ಸಪ್ಪೆ ಎಂದರು, ಉಪ್ಪು ಹಾಕಿದರು. ಮತ್ತೆ ಸಪ್ಪೆ ಎಂದರು, ಮತ್ತೆ ಹಾಕಿದರು. ಉಣ್ಣಲು ಕೂತಾಗ ಯಾರಿಗೂ ಬಾಯಿಗೆ ಇಡಲಾಗಲಿಲ್ಲ. ಅವರು ಮಾತ್ರ ಸೊರಸೊರ ಕುಡಿದು, ಇನ್ನೂ ಸ್ವಲ್ಪ ಬೇಕಿತ್ತು ಎಂದರು. ಮನೆಯವರು ನಕ್ಕರು, ವಯಸ್ಸಾಯಿತು ಎಂದರು. ಮೈ ಸ್ವಲ್ಪ ಬಿಸಿ ಇತ್ತು. ಅಂದು ಸಂಜೆಯೇ ಅವರು, ತಂಗಿಯನ್ನು ನೋಡಬೇಕೆನಿಸಿದೆ, ಫೋನ್ ಹಚ್ಚಿ ಕರೆಯಿರಿ ಎಂದರು.

"ಜ್ವರಾ ಐತಿ ಅಂತ ಮಾವಶಿಗಿ ಹೇಳಬ್ಯಾಡ್ರಿ, ಸುಮ್ನ ಕಾಳಜಿ ಮಾಡ್ತಾಳ ಅಂದ್ರು. ನಾನ ಫೋನ ಹಚ್ಚೀನ್ರಿ. ನಾನ ಕರದೀನಿ. ಆಮ್ಯಾಲ ನಾಕಾದಿಂದ ಫೋನ ಬಂತು, ಇಂಥಾವ್ರಿಗೆ ಪಾಸಿಟಿವ್ ಅಂತ. ಅದ ದಿವಸ ಅತ್ತಿ ಆಸ್ಪತ್ರ್ಯಾಗ. ಯಾವ ಮಾರಿ ಇಟಗೊಂಡ ಹೇಳ್ಲಿ ಮಾವಶಿಗಿ, ಕರದ ಬ್ಯಾನಿ ಕೊಟ್ಟ ಕಳಿಸೀವಿ ಅಂತ?"

ಗಡಿಯ ಆಚೆ ಈಕೆ, ಈಚೆ ಆಕೆ. ಇಬ್ಬರೂ ತಾವೇ ತಪ್ಪು ಮಾಡಿದವರೆಂದು ಮೂರು ತಿಂಗಳು ಒಬ್ಬರಿಗೊಬ್ಬರು ಫೋನ್ ಮಾಡದೆ ಕೂತಿದ್ದರು. ಇವರಿಬ್ಬರ ಮೇಲೂ ನನಗೆ ಬಹಳ ಪ್ರೀತಿ ಬಂತು, ಇಬ್ಬರ ತಲೆಯನ್ನೂ ಕುಟ್ಟಬೇಕು ಎಂತಲೂ ಅನಿಸಿತು. ಸಂಜೆ ನೀವೇ ಮಾತಾಡಬೇಕು ಎಂದು ಗಟ್ಟಿ ಮಾಡಿ ಹೇಳಿ, ಆಕೆ ಕೊಟ್ಟ ಚಹಾ ಕುಡಿದು ಹೊರಟೆ.

ಮನೆ ಮುಟ್ಟಿದಾಗ ಆಯಿ ಊಟಕ್ಕೆ ಕೂತಿದ್ದಳು. ಎದುರಿಗೆ ಕೂತು ಎಲ್ಲವನ್ನೂ ಹೇಳಿದೆ. ಈ ಸಲ ನಮ್ಮ ಭಾಷೆಯಲ್ಲೇ ಹೇಳಿದೆ, ಅಲ್ಲಲ್ಲಿ ತೊದಲಿದೆ. ಆಮಟಿಯ ಉಪ್ಪಿನ ಮಾತು ಬಂದಾಗ ಆಯಿಯ ಕೈಯಲ್ಲಿದ್ದ ತುತ್ತು ತಾಟಿಗೆ ಇಳಿಯಿತು.

"ನಾ ಹೋದ ದಿನ ಅಕ್ಕ ಬದನಿಕಾಯಿ ಪಲ್ಯ ಮಾಡಿದ್ಲು" ಎಂದಳು ನಿಧಾನವಾಗಿ. "ಉಪ್ಪ ಉಪ್ಪ ಹೊಡದಿತ್ತು. ನಾ ಅಂದ್ನಿ, ಅಕ್ಕಾ, ಇದನ್ನ ಎಮ್ಮೀಗಿ ಇಟ್ರೂ ತಿನ್ನಾಂಗಿಲ್ಲ. ಆಕಿ ಸಿಟ್ಟಿಗೆದ್ಲು. ನಿನ್ನ ನಾಲಿಗೀನ ಕೆಟ್ಟೈತಿ ಅಂದ್ಲು. ಭಾಳ ಹೊತ್ತ ಜಗಳಾಡಿದ್ವಿ, ಆಮ್ಯಾಲ ನಕ್ವಿ."

ಆಕೆಯ ನಾಲಿಗೆ ಅಂದು ಸರಿಯಾಗಿಯೇ ಇತ್ತು.

"ನನಗ ಉಪ್ಪ ಹತ್ತಿತ್ತು" ಎಂದಳು ಆಯಿ. "ಹಂಗಾರ ನಾ ಒಯ್ದಿಲ್ಲ. ಅಲ್ಲಿಂದ ತಂದೀನಿ."

ಹೊತ್ತು ಮುಳುಗುತ್ತ ಬಂದಿತ್ತು. ತಾಟಿನಲ್ಲಿದ್ದದ್ದನ್ನು ಉಣ್ಣಲಿಲ್ಲ, ಎತ್ತಿ ಎಮ್ಮೆಗೆ ಹಾಕಿದಳು. ಆ ಕಡೆಯಿಂದ ಫೋನ್ ಬಂದಾಗ ಒಳಗೆ ಹೋಗಿ ಬಾಗಿಲು ಮುಂದೆ ಮಾಡಿಕೊಂಡಳು. ಅಳುವ ಸದ್ದು ಕೇಳಿತು. ಹೊರಗೆ ಬಂದವಳು ನನ್ನ ಕಡೆ ನೋಡದೆ ಜಪಮಾಲೆ ಹಿಡಿದು ಮೂಲೆಗೆ ಕೂತಳು. ಒಂದು ಮುಳ್ಳು ತೆಗೆಯಲು ಹೋಗಿ ಇನ್ನೊಂದು ಚುಚ್ಚಿದೆನೇ? ಜ್ವರವಿದ್ದೂ ಕರೆದ ಅಕ್ಕನ ಮೇಲೆ ಈಗ ಈಕೆಗೆ ಮುನಿಸು ಹುಟ್ಟಿದರೆ? ಉಳಿದಿದ್ದ ಒಂದು ಪ್ರೀತಿಯನ್ನೂ ನಾನೇ ಹೋಗಿ ಕೆಡಿಸಿ ಬಂದೆನೆಂದು ಹಾಸಿಗೆಯಲ್ಲಿ ಹೊರಳಿದೆ. ಸುಳ್ಳೇ ಎಷ್ಟೋ ವಾಸಿ ಇತ್ತು ಅನಿಸಿತು.

ಸೋಮವಾರ ಶಾಲೆಯ ಪಡಸಾಲೆಯಲ್ಲಿ ಲಸಿಕೆ ಇತ್ತು. ಆಶಾ ಪುಸ್ತಕ ತೆರೆದು ಕೂತಿದ್ದಳು. ಜನ ಕಡಿಮೆ, ಎಂಟೇ ಜನ, ಸೀಸೆ ತೆರೆಯದೆ ಕಾಯುತ್ತಿದ್ದೆ. ಆಗ ಬಾಗಿಲಲ್ಲಿ ಆಯಿ ಬಂದಳು. ಇಸ್ತ್ರಿ ಮಾಡಿದ ಇಳಕಲ್ ಸೀರೆ, ಕೈಯಲ್ಲಿ ಆಧಾರ್ ಕಾರ್ಡು. ಹಿಂದೆ ಕಟ್ಟೆಯ ಮೇಲಿನ ಹಿರಿಯನೊಬ್ಬನನ್ನೂ ಕರೆದುಕೊಂಡು ಬಂದಿದ್ದಳು.

"ಇವಗೂ ಹಾಕು. ಹತ್ತ ಆದ್ವಲ್ಲ?"

ಸೀಸೆ ತೆರೆದೆ. ಆಯಿಯದೇ ಮೊದಲು. ತೋಳು ಹಿಡಿದಾಗ ಎಷ್ಟು ತೆಳ್ಳಗಾಗಿದ್ದಾಳೆ ಎಂದು ತಿಳಿಯಿತು. ಸೂಜಿ ಹೋದದ್ದೂ ಗೊತ್ತಾಗದವಳ ಹಾಗೆ ಗೋಡೆಯ ಮೇಲಿನ ನಕಾಶೆ ನೋಡುತ್ತಿದ್ದಳು. ಅರ್ಧ ತಾಸು ಕೂರಬೇಕೆಂದು ಪಕ್ಕದ ಬೆಂಚಿನಲ್ಲಿ ಕೂರಿಸಿ ಹತ್ತಿ ಒತ್ತಿ ಹಿಡಿದೆ.

"ಸಿಟ್ಟ ಬಂತೇನ್ರಿ ಆಯಿ, ಅಕ್ಕನ ಮ್ಯಾಲ?" ಎಂದು ಮೆಲ್ಲಗೆ ಕೇಳಿದೆ. ಕೇಳದೆ ಇರಲು ಆಗಲಿಲ್ಲ.

ಆಯಿ ನನ್ನ ಕಡೆ ತಿರುಗಿದಳು. ಕಣ್ಣು ತುಂಬಿದ್ದವು, ಬಾಯಿ ನಗುತ್ತಿತ್ತು.

"ಬರ್ತೈತೇನೋ ಅಂತ ಕಾದ್ನಿ. ಬರ್ಲಿಲ್ಲ. ಲಗ್ನಾದ ಮ್ಯಾಲ ಎಷ್ಟ ಸಲ ಆ ಮನೀಗಿ ಹೋಗೀನಿ ತಂಗಿ, ಅಕ್ಕ ಒಮ್ಮೆಯೂ ನನ್ನ ಬರೀ ಕೈಲೆ ಕಳಿಸಿಲ್ಲ. ಆ ಸಲ ಮನ್ಯಾಗ ಏನಿತ್ತೋ ಅದನ್ನ ಕೊಟ್ಟಾಳ."

ಮುಂದಿನವನು ಅಂಗಿಯ ತೋಳು ಏರಿಸಿ ನಿಂತಿದ್ದ. ನನಗೆ ಸಿರಿಂಜಿನ ಮೇಲಿನ ಗೆರೆಗಳು ಕಾಣಲಿಲ್ಲ. ಸ್ವಲ್ಪ ನಿಲ್ಲು ಕಾಕಾ ಎಂದೆ.